ಚಿಕಾಶಾ ಮೇಷ್ಟ್ರ ಪಾಠದ ಗೆಳೆಯ

ನನ್ನದು ಅನುಮಾನದ ಸ್ವಭಾವ. ಮುಚ್ಚಿಡುವುದೇನು? ಗಿರಣಿಯವನು ಹಿಟ್ಟು ತೂಗಿ ಕೊಟ್ಟರೆ ಮನೆಗೆ ತಂದು ಮತ್ತೊಮ್ಮೆ ತೂಗುತ್ತೇನೆ. ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥಿಸಿ ಎಂದರೆ ಒಂದೇ ಕಣ್ಣು ಮುಚ್ಚುತ್ತೇನೆ. ಚಿತೊಂಬೊ ಪೇಟೆಯಲ್ಲಿ ಗಂಡನಿಲ್ಲದೆ, ಒಂದು ಹೊಲಿಗೆ ಮಿಷನ್ನು ಒಬ್ಬಳು ಮಗಳನ್ನು ಇಟ್ಟುಕೊಂಡು ಬದುಕುವ ಹೆಂಗಸಿಗೆ ಇಷ್ಟಾದರೂ ಬೇಡವೇ? ಹಾಗಾಗಿ ಚಿಕಾಶಾ ಮೇಷ್ಟ್ರು ಸೈಕಲ್ಲಿನ ಹಿಂದೆ ಕರಿಹಲಗೆ ಕಟ್ಟಿಕೊಂಡು ನಮ್ಮ ಪೇಟೆಗೆ ಬಂದಿಳಿದ ದಿನವೇ ನಾನು ಅಂದುಕೊಂಡೆ: ಈ ಮನುಷ್ಯ ಎಲ್ಲಿಂದಲೋ ಬಂದವನಲ್ಲ, ಎಲ್ಲಿಂದಲೋ ಓಡಿ ಬಂದವನು.

ಕಾರಣ ಇಲ್ಲದೆ ಅನ್ನಲಿಲ್ಲ. ನಮ್ಮಲ್ಲಿ ಹೆಸರಿಗಿಂತ ಮೊದಲು ಕುಲ ಕೇಳುತ್ತಾರೆ. ಸಿಂಹವೋ, ಮೀನೋ, ಮಂಗವೋ ಗೊತ್ತಾದರೆ ಹತ್ತು ಮಾತಿನೊಳಗೆ ಯಾರ ಅಳಿಯ, ಯಾರ ಸೋದರಮಾವ ಎಂದು ತಿಳಿದುಬಿಡುತ್ತದೆ. ಮೇಷ್ಟ್ರು “ಮಂಗನ ಕುಲ” ಎಂದರು, ಕೆಮ್ಮಿದರು, ಮಾತು ತಿರುಗಿಸಿದರು. ಊರು ಯಾವುದು ಎಂದರೆ “ಮಸ್ವಿಂಗೊ ಕಡೆ” ಎಂದರು. ಮಸ್ವಿಂಗೊ ಕಡೆ ಎಂದರೆ ಅರ್ಧ ದೇಶ. ಹೆಂಡತಿ ತೀರಿಕೊಂಡು ವರ್ಷಗಳಾಗಿತ್ತಂತೆ, ಮಕ್ಕಳಿಲ್ಲ. ಬಾಗಿಲಿಗೆ ಒಬ್ಬ ನೆಂಟ ಬಂದದ್ದನ್ನು ನಾನು ಕಾಣೆ.

ಎಲ್ಲಕ್ಕಿಂತ ದೊಡ್ಡ ಅನುಮಾನ ಇನ್ನೊಂದು. ಆ ಮನುಷ್ಯನಿಗೆ ಸಾಹ್ವಿರ ಇರಲಿಲ್ಲ. ಸಾಹ್ವಿರ ಎಂದರೆ ಬರೀ ಗೆಳೆಯನಲ್ಲ. ಕೇಳದೆ ಮನೆಗೆ ನುಗ್ಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆಯುವ ಹಕ್ಕುಳ್ಳವನು. ಹತ್ತು ಜನರ ಎದುರು ಕಳ್ಳ, ಹೊಟ್ಟೆಬಾಕ, ಹೆಂಡತಿಗೆ ಹೆದರುವವನೇ ಎಂದು ಬೈಯುವವನು. ಬೈಸಿಕೊಂಡವನು ಕೈ ತಟ್ಟಿ “ಹೌದಪ್ಪಾ, ನಿಜ” ಎನ್ನಬೇಕು, ಸುತ್ತಲಿನವರು ನಗಬೇಕು. ಮನುಷ್ಯ ಸತ್ತಾಗ ಅವನ ಕೋಟು ಟೋಪಿ ಹಾಕಿಕೊಂಡು, ಅವನ ಹಾಗೇ ನಡೆದು, ಅವನ ಹಾಗೇ ಕೆಮ್ಮಿ, ಅಳುತ್ತಿರುವವರನ್ನು ನಗಿಸಿ, ಗುಂಡಿಯ ಪಕ್ಕ ನಿಂತು ಅವನ ಬಗ್ಗೆ ಯಾರೂ ಹೇಳಲಾಗದ್ದನ್ನು ಹೇಳಿ ಮಣ್ಣು ಮಾಡಿಸುವವನು ಅವನೇ. ಸಾಹ್ವಿರ ಇಲ್ಲದವನನ್ನು ಮೂಟೆ ಹೂತ ಹಾಗೆ ಹೂತು ಬರುತ್ತಾರೆ.

ಮೇಷ್ಟ್ರ ಎದೆಯಲ್ಲಿ ಕೆಟ್ಟ ಕೆಮ್ಮಿತ್ತು. ಹೆಚ್ಚು ದಿನ ಇಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಒಂದು ದಿನ ಅವರ ಪ್ಯಾಂಟಿನ ಸೊಂಟ ಮತ್ತೆ ಕಿರಿದು ಮಾಡುತ್ತಿದ್ದಾಗ ಕೇಳಿದರು:

“ಮಾಯಿ ಲವ್‌ನೆಸ್, ಈ ಊರಲ್ಲಿ ಸಾಹ್ವಿರ ಇಲ್ದೋರ್ನ ಹ್ಯಾಗೆ ಮಣ್ಣು ಮಾಡ್ತಾರೆ?”

ಲವ್‌ನೆಸ್ ನನ್ನ ಮಗಳು. ಅವಳ ತಾಯಿಯಾದ್ದರಿಂದ ನಾನು ಮಾಯಿ ಲವ್‌ನೆಸ್.

“ಬೇಗ ಮಾಡ್ತಾರೆ ಮೇಷ್ಟ್ರೇ,” ಎಂದೆ.

ಅವರು ನಗಲಿಲ್ಲ. ಪ್ಯಾಂಟು ತೆಗೆದುಕೊಂಡು ಹೋದರು. ಹೋಗುವಾಗ ಅವರ ಮುಖ ನೋಡಿದೆ. ಹೆದರಿಕೆ ಇತ್ತು. ಸಾಯುವ ಹೆದರಿಕೆಯಲ್ಲ, ಆಮೇಲಿನದು.

ಅವರ ಪಾಠ ನಡೆಯುತ್ತಿದ್ದುದು ನನ್ನ ಅಂಗಡಿಯ ಪಕ್ಕದ ಜಗಲಿಯಲ್ಲಿ, ಮಧ್ಯಾಹ್ನದ ಮೇಲೆ. ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದವರ ಗುಂಪು ಅದು. ನಮ್ಮ ದೇಶದಲ್ಲಿ ನೀವು ಲೆಕ್ಕದಲ್ಲಿ ಹುಲಿಯಾಗಿರಿ, ವಿಜ್ಞಾನ ಅರೆದು ಕುಡಿದಿರಿ, ಇಂಗ್ಲಿಷ್ ಇಲ್ಲದಿದ್ದರೆ ಯಾವ ಬಾಗಿಲೂ ತೆರೆಯದು. ಲವ್‌ನೆಸ್‌ಗೆ ದಾದಿಯ ತರಬೇತಿಗೆ ಸೇರಬೇಕಿತ್ತು. ಬಸ್ ಕಂಡಕ್ಟರ್ ನೋಮೋರ್‌ಗೆ ಡ್ರೈವರ್ ಆಗಬೇಕಿತ್ತು. ಅದಕ್ಕೆ ಇಂಗ್ಲಿಷ್ ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪರೀಕ್ಷೆಯಲ್ಲಿ ವರ್ಷ ಬಿಟ್ಟು ವರ್ಷ ಒಂದು ಪ್ರಬಂಧ ಬರುತ್ತದೆ: ನಿನ್ನ ಆಪ್ತ ಗೆಳೆಯನ ಬಗ್ಗೆ ಬರೆ. ಅದರಲ್ಲೇ ನಮ್ಮವರು ಮುಗ್ಗರಿಸುವುದು. ಗೆಳೆಯನನ್ನು ಹೊಗಳಿ ಬರೆಯಬೇಕಂತೆ. ನಾವೋ, ಗೆಳೆಯನನ್ನು ಬೈದು ಬೆಳೆದವರು. ನೋಮೋರ್ ಹಿಂದಿನ ವರ್ಷ, “ನನ್ನ ಆಪ್ತ ಗೆಳೆಯ ಸೋಮಾರಿ, ಅವನ ಕಾಲು ಮೀನಿನ ಹಾಗೆ ನಾರುತ್ತದೆ” ಎಂದು ಪ್ರೀತಿಯಿಂದ ಬರೆದು ಫೇಲಾಗಿ ಬಂದಿದ್ದ.

“ಮೈ ಫ್ರೆಂಡ್ ಅನ್ನೋದನ್ನ ಬಸ್ ಸ್ಟ್ಯಾಂಡಲ್ಲೇ ಬಿಟ್ಟು ಬನ್ನಿ,” ಎಂದು ಮೇಷ್ಟ್ರು ಪಾಠ ಶುರು ಮಾಡುತ್ತಿದ್ದರು. ಆ ಮಾತು ನಿಜವೇ. ನಮ್ಮ ಪೇಟೆಯಲ್ಲಿ ಮೈ ಫ್ರೆಂಡ್ ಎನ್ನುವವರು ಬಸ್ ತಡೆಯುವ ಪೊಲೀಸರು, ಕೊಳೆತ ಟೊಮೇಟೊ ಮಾರುವವರು, ಇಲ್ಲವೇ ಜಗಳಕ್ಕೆ ತೋಳು ಮಡಿಸಿದ ಕುಡುಕರು. “ಎ ಫ್ರೆಂಡ್ ಆಫ್ ಮೈನ್ ಅನ್ನಿ. ನನ್ನ ಗೆಳೆಯರಲ್ಲಿ ಒಬ್ಬ ಅಂತ. ಕೇಳೋರಿಗೆ ಇವನಿಗೆ ಇನ್ನೂ ನಾಲ್ಕು ಜನ ಗೆಳೆಯರಿದ್ದಾರೆ ಅನ್ಸುತ್ತೆ.”

“ಇಲ್ದಿದ್ರೆ ಮೇಷ್ಟ್ರೇ?” ಎಂದ ನೋಮೋರ್.

“ಇಲ್ದಿದ್ರೂ ಹಾಗೇ ಅನ್ಬೇಕು.”

ಇನ್ನೊಂದು ದಿನ, ಗೆಳೆಯ ಮತ್ತು ನಾನು ಎನ್ನಬೇಕು, ನಾನು ಮತ್ತು ಗೆಳೆಯ ಎನ್ನಬಾರದು, ಇಂಗ್ಲಿಷಿನಲ್ಲಿ ಗೆಳೆಯನನ್ನು ಮುಂದೆ ಕೂರಿಸಿ ತಾನು ಹಿಂದೆ ಕೂರುವುದು ಮರ್ಯಾದೆ ಎಂದರು. ನನಗೆ ತಡೆಯಲಾಗಲಿಲ್ಲ. ಮಿಷನ್ ನಿಲ್ಲಿಸಿ ಕೂಗಿದೆ: “ಇಂಗ್ಲಿಷರು ಯಾರನ್ನ ಮುಂದೆ ಕೂರಿಸಿದ್ರು ಮೇಷ್ಟ್ರೇ? ನಮ್ಮಪ್ಪ ಅವರ ಲಾರೀಲಿ ಹಿಂದ್ಗಡೆ ದನಗಳ ಜೊತೆ ನಿಂತ್ಕೊಂಡು ಹೋಗ್ತಿದ್ದ!”

“ವ್ಯಾಕರಣದಲ್ಲಿ ಕೂರಿಸ್ತಾರೆ ಮಾಯಿ ಲವ್‌ನೆಸ್. ಲಾರೀಲಿ ಅಲ್ಲ.”

ಜಗಲಿಯೆಲ್ಲ ನಕ್ಕಿತು. ಮಾತಿಗೆ ಮಾತು ಕೊಡುವ ಮನುಷ್ಯ. ಅಂಥವರನ್ನು ನಾನು ಇನ್ನಷ್ಟು ಹುಷಾರಾಗಿ ನೋಡುತ್ತೇನೆ.

ನೋಡುತ್ತಾ ನೋಡುತ್ತಾ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವರ ಉದಾಹರಣೆಗಳಲ್ಲೆಲ್ಲ ಒಬ್ಬನೇ ಗೆಳೆಯ. ನಾಯಿಗೆ ಹೆದರುವ ಗೆಳೆಯ. ಮುಂದಿನ ಹಲ್ಲುಗಳ ನಡುವೆ ಸಂದಿಯಿರುವ, ಅದರಿಂದಲೇ ಸಿಳ್ಳೆ ಹೊಡೆಯುವ ಗೆಳೆಯ. ನಡೆಯುತ್ತಾ ಕಬ್ಬು ಜಗಿಯುವವನು, ಎಡಭುಜ ಸ್ವಲ್ಪ ಎತ್ತಿ ನಡೆಯುವವನು. ಮೀನಿನ ಉದ್ದ ಒಂದನ್ನು ಬಿಟ್ಟು ಬೇರೆ ಯಾವುದರಲ್ಲೂ ಸುಳ್ಳು ಹೇಳದವನು. ಹೆಸರು ಮಾತ್ರ ಒಂದು ದಿನವೂ ಬರಲಿಲ್ಲ. ಆ ಗೆಳೆಯ ನಮ್ಮ ಪೇಟೆಗೆ ಎಷ್ಟು ಪರಿಚಿತನಾದನೆಂದರೆ, ನಾಯಿ ಬೊಗಳಿದರೆ ಮಕ್ಕಳು “ಅಯ್ಯೋ, ಫ್ರೆಂಡ್ ಆಫ್ ಮೈನ್ ಓಡ್ತಾನೆ ನೋಡು” ಎನ್ನುತ್ತಿದ್ದವು.

ಒಮ್ಮೆ ಲವ್‌ನೆಸ್ ಆ ಗೆಳೆಯನ ಬಗ್ಗೆ ಬರೆಯುತ್ತಾ ‘ನನಗೆ ಅವನ ಪರಿಚಯವಿತ್ತು’ ಎಂಬಂತೆ ಬರೆದಳು. ಮೇಷ್ಟ್ರು ಗದರಿದ್ದು ಅವತ್ತೊಂದೇ ದಿನ. “ಇತ್ತು ಅಂದ್ರೆ ಮುಗಿದುಹೋಯ್ತು ಅಂತ ಅರ್ಥ. ಅದು ಮುಗಿದಿಲ್ಲ!” ಎಂದು ಅಕ್ಷರ ಒರಸಿದರು. ಮತ್ತೊಂದು ದಿನ ಅವಳು ನಿಘಂಟಿನಲ್ಲಿ ಅಕ್ವೇಂಟೆನ್ಸ್ ಎಂಬ ಪದ ಹುಡುಕಿ, ಇದಕ್ಕೂ ಫ್ರೆಂಡಿಗೂ ಏನು ವ್ಯತ್ಯಾಸ ಎಂದು ಕೇಳಿದಳು. ಮೇಷ್ಟ್ರು ಸೀಮೆಸುಣ್ಣ ಕೆಳಗೆ ಬೀಳಿಸಿದರು. “ಬರೀ ಗುರುತಿನವನು ಅಂತ. ಆ ಪದ ನಿನಗೆ ಬೇಡ ಮಗಳೇ,” ಎಂದು ಪಾಠ ಅಲ್ಲಿಗೇ ಮುಗಿಸಿ ಸೈಕಲ್ ಹತ್ತಿದರು.

ಪದ ಬೇಡವಂತೆ! ಪದ ಮಾರಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಒಂದು ಪದ ಕಂಡರೆ ಭಯವಂತೆ! ರಾತ್ರಿ ಮುದ್ದೆ ತಿರುವುತ್ತಾ ಲವ್‌ನೆಸ್‌ಗೆ ಹೇಳಿದೆ: “ಆ ಗೆಳೆಯ ಬದುಕಿಲ್ಲ ಕಣೇ. ಇವ್ರೇ ಏನೋ ಮಾಡಿದ್ದಾರೆ.”

“ಅಮ್ಮಾ, ನಿನಗೆ ಮಳೆ ಬಂದ್ರೂ ಯಾರೋ ನೀರು ಸುರೀತಿದ್ದಾರೆ ಅನ್ಸುತ್ತೆ,” ಎಂದಳು.

ಆ ಗೆಳೆಯ ಬದುಕಿದ್ದ. ಚಳಿಗಾಲದ ಒಂದು ಮಧ್ಯಾಹ್ನ ನೋಮೋರ್‌ನ ಬಸ್ಸಿನಿಂದ ಇಳಿದು ಬಂದ.

ಮೊದಲು ಕೂಗು ಕೇಳಿಸಿತು. “ಎಲ್ಲಿ ಆ ಮಂಗನ ಕುಲದ ಕಳ್ಳ? ಕರಿಹಲಗೆ ಕಟ್ಕೊಂಡು ಊರೂರು ತಿರುಗೋ ಸುಳ್ಳ ಎಲ್ಲಿ? ನನ್ನ ಬದುಕು ತಿಂದು ತೇಗಿದೋನು ಎಲ್ಲಿ?” ತಲೆಯೆತ್ತಿ ನೋಡಿದೆ. ನೆರೆತ ತಲೆ, ಕೈಯಲ್ಲಿ ಅರ್ಧ ಜಗಿದ ಕಬ್ಬು, ಎಡಭುಜ ಎತ್ತಿದ ನಡಿಗೆ. ಬಾಯಿ ತೆರೆದರೆ ಹಲ್ಲಿನ ಸಂದಿ. ಜಗಲಿಯಲ್ಲಿದ್ದವರು ಒಟ್ಟಿಗೆ ಕಿರುಚಿದರು:

“ಫ್ರೆಂಡ್ ಆಫ್ ಮೈನ್ ಬಂದ!”

ಅಷ್ಟೇ ಸಾಕಾಯಿತು. ಹೆಂಡದಂಗಡಿಯವರು, ಗಿರಣಿಯವರು, ತರಕಾರಿಯ ಹೆಂಗಸರು ಎಲ್ಲ ಓಡಿ ಬಂದರು. ಮೇಷ್ಟ್ರ ಸಾಹ್ವಿರ! ಕೊನೆಗೂ ಬಂದ! ಬೈಯುವ ವರಸೆ ನೋಡಿ, ಎಷ್ಟು ಚಂದ! ಒಬ್ಬಳು ಸ್ಟೂಲು ತಂದಿಟ್ಟಳು, ಇನ್ನೊಬ್ಬ ರಾಗಿ ಹೆಂಡದ ಬುರುಡೆ ಕೈಗೆ ಕೊಟ್ಟ.

“ನಗ್ಬೇಡ್ರೋ! ಇವನು ನನ್ನ ಜೈಲಿಗೆ ಹಾಕಿಸ್ದೋನು!” ಎಂದು ಆತ ಕೂಗಿದ.

“ಹಾಕಿಸಿರ್ತಾರೆ, ಹಾಕಿಸಿರ್ತಾರೆ! ನಮ್ಮ ಮೇಷ್ಟ್ರು ಭಾರೀ ಆಸಾಮಿ!” ಎಂದು ಜನ ಹೊಟ್ಟೆ ಹಿಡಿದುಕೊಂಡರು.

“ನಮ್ಮವ್ವ ಸತ್ತಾಗ ನಾನು ಕಂಬಿ ಹಿಂದಿದ್ದೆ, ಇವನಿಂದ!”

ಹೆಂಗಸರು ಹುಯ್ಯಿ ಎಂದು ಕೂಗಿ ಕೈ ತಟ್ಟಿದರು. ಸಾಹ್ವಿರನಲ್ಲದೆ ಇನ್ಯಾರು ತಾಯಿಯ ಸಾವು ತೆಗೆದು ಬೈಯುತ್ತಾರೆ?

ಆಗ ಮೇಷ್ಟ್ರು ಎದ್ದರು. ಮುಖ ಬೂದಿಯಾಗಿತ್ತು. ಮಣ್ಣಿನಲ್ಲಿ ಮೊಣಕಾಲೂರಿ, ಕೈ ತಟ್ಟಿ, “ನಿಜ. ಅವನು ಹೇಳ್ತಿರೋದೆಲ್ಲ ನಿಜ. ನಾನು ಕಳ್ಳ, ನಾನು ಸುಳ್ಳ,” ಎಂದರು. ಇದಕ್ಕಿಂತ ಸೊಗಸಾಗಿ ಸಾಹ್ವಿರನಿಗೆ ಉತ್ತರ ಕೊಟ್ಟವರನ್ನು ನಮ್ಮ ಪೇಟೆ ಕಂಡಿರಲಿಲ್ಲ. ನಗುವಿನಲ್ಲಿ ನೋಮೋರ್ ನೆಲಕ್ಕೆ ಬಿದ್ದು ಹೊರಳಿದ. ಒಬ್ಬ ಎದೆ ಬಿರಿಯುವಂತೆ ದೂರುತ್ತಿದ್ದಾನೆ, ಇನ್ನೊಬ್ಬ ಒಪ್ಪಿಕೊಳ್ಳುತ್ತಿದ್ದಾನೆ, ಊರು ಊರೇ ನಗುತ್ತಿದೆ.

ನಾನು ನಗಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ಹಳದಿ ನಾಯಿ ಬೊಗಳುತ್ತಾ ಆ ಮನುಷ್ಯನ ಕಾಲ ಬಳಿಗೇ ಹೋಗಿತ್ತು. ಪಾಠದ ಗೆಳೆಯ ಹಾರಿ ಓಡಬೇಕಿತ್ತು. ಈತ ಕಾಲು ಕದಲಿಸಲಿಲ್ಲ, ನಾಯಿಯ ಕಡೆ ನೋಡಲೂ ಇಲ್ಲ. ಬುರುಡೆ ಹಿಡಿದ ಕೈಯಿಂದ ಹೆಂಡ ಚೆಲ್ಲಿ ತೋಳಿನ ಉದ್ದಕ್ಕೂ ಇಳಿಯುತ್ತಿತ್ತು. ತಮಾಷೆ ಮಾಡುವವನ ಕೈ ಹಾಗೆ ನಡುಗುವುದಿಲ್ಲ.

ಜನ ಕರಗಿದ ಮೇಲೆ ಅವನನ್ನು ಅಂಗಡಿಯೊಳಗೆ ಕರೆದೆ. ಕರೆಯುವ ಮೊದಲು ಕತ್ತರಿ ಎತ್ತಿ ಪೆಟ್ಟಿಗೆಯೊಳಗೆ ಇಟ್ಟೆ. ಲವ್‌ನೆಸ್ ಚಹಾ ಬ್ರೆಡ್ಡು ತಂದಳು.

“ನೀನು ಸಾಹ್ವಿರ ಅಲ್ಲ,” ಎಂದೆ.

“ಆಗಿದ್ದೆ,” ಎಂದ. ಹೆಸರು ಲಾಮೆಕ್, ಮೀನಿನ ಕುಲ. ತಾತನ ಕಾಲದಿಂದ ಅವನ ಮನೆಯವರು ಚಿಕಾಶಾ ಮನೆಯವರನ್ನು ಮಣ್ಣು ಮಾಡುತ್ತಾ ಬಂದವರು, ಅವರು ಇವರನ್ನು. “ಊರಿಗೆ ಬರೋ ಬಸ್ಸಲ್ಲಿ ಒಬ್ಬ ಕಂಡಕ್ಟರು ಇಂಗ್ಲಿಷ್ ಬಾಯಿಪಾಠ ಮಾಡ್ತಿದ್ದ ತಾಯೀ. ಹಲ್ಲಲ್ಲಿ ಸಂದಿ ಇರೋ ಗೆಳೆಯ, ಕಬ್ಬು ತಿನ್ನೋ ಗೆಳೆಯ... ನನ್ನ ಹಲ್ಲು, ನನ್ನ ಕಬ್ಬು! ಯಾರು ಹೇಳ್ಕೊಟ್ಟೋರು ಅಂದೆ. ಇಲ್ಲಿದ್ದಾನೆ ಅಂತ ಗೊತ್ತಾಯ್ತು. ಇವನ ಜನದ ಮುಂದೆ ಇವನ ಮಾನ ತೆಗೀಬೇಕು ಅಂತ ಬಂದೆ. ನೀವು ಕೂರಿಸಿ ಹೆಂಡ ಕುಡಿಸಿದ್ರಿ.”

ಆಮೇಲೆ ಹೇಳಿದ. ದೇಶಕ್ಕೆ ಸ್ವಾತಂತ್ರ್ಯ ಬಂದು ಹೊಸ ಬಾವುಟ ಏರಿದ ಮೊದಲ ವರ್ಷಗಳವು. ಚಿಕಾಶಾ ಆಗ ಮೇಷ್ಟ್ರಲ್ಲ, ಕೋರ್ಟಿನಲ್ಲಿ ದುಭಾಷಿ. ಕೆಲಸ ಸಿಕ್ಕಿ ಸ್ವಲ್ಪ ದಿನವಾಗಿತ್ತು. ಒಂದು ಜಮೀನಿನಿಂದ ದನಗಳು ಕಳವಾದವು, ಲಾಮೆಕ್‌ನನ್ನು ಹಿಡಿದರು.

“ದನ ಹೋದ ದಿನ ಬೆಳಗಿಂದ ಸಂಜೆ ತನಕ ನಾನು ಇವನ ಮನೆ ಮೇಲೇ ಇದ್ದೆ. ಚಾವಣಿಗೆ ಹುಲ್ಲು ಹೊದಿಸ್ತಿದ್ದೆ. ಕೆಳಗಿಂದ ಹುಲ್ಲು ಎತ್ತಿ ಕೊಡ್ತಿದ್ದೋನು ಇವನೇ. ಕೋರ್ಟಿಗೆ ಹೋಗಿ ನೋಡಿದ್ರೆ ದುಭಾಷಿ ಜಾಗದಲ್ಲಿ ಇವನೇ ನಿಂತಿದ್ದಾನೆ! ಬಚಾವಾದೆ ಅನ್ಕೊಂಡೆ. ಮ್ಯಾಜಿಸ್ಟ್ರೇಟಿಗೆ ನಮ್ಮ ಶೋನಾ ಭಾಷೆ ಬರ್ತಿರ್ಲಿಲ್ಲ. ನಾನು ಹೇಳ್ದೆ, ಅವತ್ತು ನಾನು ಇಗೋ ಇವನ ಮನೇಲಿದ್ದೆ, ಇವನು ನನ್ನ ಸಾಹ್ವಿರ, ಇವನನ್ನೇ ಕೇಳಿ ಅಂತ. ಇವನು ಇಂಗ್ಲಿಷಲ್ಲಿ ಹೇಳ್ದ. ಚಿಕ್ಕದಾಗಿ ಹೇಳ್ದ. ನಾನು ಅಷ್ಟುದ್ದ ಹೇಳಿದ್ದು ಇಂಗ್ಲಿಷಲ್ಲಿ ಇಷ್ಟೇನಾ ಅನ್ಕೊಂಡೆ.”

ಚಹಾ ಲೋಟ ಕೆಳಗಿಟ್ಟ.

“ಜೈಲಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಪೇದೆ ಹೇಳ್ದ. ‘ಯಾರೋ ಒಬ್ಬ ಗುರುತಿನವನ ಮನೇಲಿದ್ದೆ ಅಂತಾನೆ ಸ್ವಾಮಿ’ ಅಂದಿದ್ದನಂತೆ. ಅಕ್ವೇಂಟೆನ್ಸ್. ನಾನು ಜೈಲಲ್ಲಿ ಕಲ್ತ ಮೊದಲನೇ ಇಂಗ್ಲಿಷ್ ಪದ ಅದು.”

ಲವ್‌ನೆಸ್ ನನ್ನ ಮುಖ ನೋಡಿದಳು. ಸೀಮೆಸುಣ್ಣ ಬಿದ್ದ ದಿನ ಇಬ್ಬರಿಗೂ ನೆನಪಾಯಿತು.

“ಯಾಕೆ ಹಾಗೆ ಮಾಡಿದ್ರು?” ಎಂದಳು.

“ಆರೋಪಿ ನೆಂಟನೋ ಗೆಳೆಯನೋ ಆಗಿದ್ರೆ ದುಭಾಷಿ ಮೊದಲೇ ಹೇಳಿ ಪಕ್ಕಕ್ಕೆ ಸರೀಬೇಕು. ಇವನು ಹೇಳಿರ್ಲಿಲ್ಲ. ಹೇಳಿದ್ರೆ ಕೆಲಸ ಹೋಗ್ತಿತ್ತೇನೋ. ನಂದು ನಾಲ್ಕು ವರ್ಷ ಹೋಯ್ತು. ಅವ್ವ ಹೋದ್ಲು. ಮಣ್ಣಿಗೂ ಬಿಡ್ಲಿಲ್ಲ.”

ಆಮೇಲೆ ಲವ್‌ನೆಸ್ ಕಡೆ ತಿರುಗಿ, “ಪಾಠದಲ್ಲಿ ನನ್ನ ಬಗ್ಗೆ ಇನ್ನೂ ಏನೇನು ಹೇಳ್ತಾನೆ ಮಗಳೇ?” ಎಂದ. ಅವಳು ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳಿ, ಶೋನಾದಲ್ಲಿ ಬಿಡಿಸಿ ಹೇಳಿದಳು. ಸಿಳ್ಳೆಯದು, ಮೀನಿನದು. ನನ್ನ ಗೆಳೆಯ ಬಾಯಾರಿದವನಿಗೆ ನೀರು ಕೊಟ್ಟ ಮೇಲೇ ತಾನು ಕುಡಿಯುವವನು ಎಂಬುದು. ನನಗಿಂತ ಒಳ್ಳೆಯ ಮನುಷ್ಯನಾದ ನನ್ನ ಗೆಳೆಯ ಎಂಬುದು. ಲಾಮೆಕ್ ಕಬ್ಬಿನ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡ. ಬಸ್ಸಿನ ಹಾರನ್ ಆದಾಗ ಎದ್ದು, ಬಾಗಿಲಲ್ಲಿ ತಿರುಗಿ ನಿಂತ.

“ಅವನಿಗೆ ಹೇಳಿ. ನಾಯಿಗೆ ಈಗ ನಾನು ಹೆದರೋದಿಲ್ಲ. ಜೈಲಲ್ಲಿ ಕಾವಲಿಗೆ ನಾಯಿ ಬಿಡ್ತಿದ್ರು. ರೂಢಿ ಆಯ್ತು.”

ನಾನು ಆಗಲೇ ಮೇಷ್ಟ್ರ ಮನೆಗೆ ಹೋದೆ. ಅವರು ಸೈಕಲ್ಲಿಗೆ ಒರಗಿಕೊಂಡು ಹಿತ್ತಲಲ್ಲಿ ಕೂತಿದ್ದರು. “ಹೌದಾ?” ಎಂದೆ. “ಹೌದು,” ಎಂದರು. ಎಷ್ಟು ವರ್ಷ ನಾನು ಇಂಥದ್ದೊಂದನ್ನು ಹುಡುಕಿದ್ದೇನೆ! ಸಿಕ್ಕಾಗ ಸಂತೋಷವಾಗಬೇಕಿತ್ತು. ರೇಗಿ ಕೂಗಿದೆ:

“ಒಂದ್ಸಲನಾದ್ರೂ ನೋಡೋಕೆ ಹೋಗ್ಲಿಲ್ವಾ, ನಾಚಿಕೆಗೆಟ್ಟೋರೇ?”

“ಹೋಗಿದ್ದೆ. ಜೈಲಿನ ಗೇಟಲ್ಲಿ ಕಾವಲುಗಾರ ಇಂಗ್ಲಿಷಲ್ಲಿ ಕೇಳ್ದ, ಅವನು ನಿನಗೇನಾಗಬೇಕು ಅಂತ. ಬಾಯಿ ಬರ್ಲಿಲ್ಲ ಮಾಯಿ ಲವ್‌ನೆಸ್. ತಿರುಗಿ ಬಂದ್ಬಿಟ್ಟೆ. ಅವತ್ತಿಂದ ಕೋರ್ಟಲ್ಲೂ ಬಾಯಿ ಬರ್ಲಿಲ್ಲ. ಕೆಲಸ ಬಿಟ್ಟೆ.” ನಾಯಿಯ ವಿಷಯ ಹೇಳಿದೆ. ಅವರು ಮುಖ ಮುಚ್ಚಿಕೊಂಡರು. “ಎಲ್ಲರಿಗೂ ಹೇಳಿ,” ಎಂದರು. “ನಾನೇ ಹೇಳ್ದೆ, ಕೇಳ್ಲಿಲ್ಲ. ನೀವಾದ್ರೂ ಹೇಳಿ.”

ಹೇಳಿದೆ. ಗಿರಣಿಯಲ್ಲಿ ಹೇಳಿದೆ, ಚರ್ಚಿನಲ್ಲಿ ಹೇಳಿದೆ, ನಲ್ಲಿಯ ಹತ್ತಿರ ಹೇಳಿದೆ. “ಮಾಯಿ ಲವ್‌ನೆಸ್, ನಿನ್ನ ಅನುಮಾನಕ್ಕೆ ಮದ್ದಿಲ್ಲ ಬಿಡು. ಸಾಹ್ವಿರ ಬೈದದ್ದನ್ನೂ ನಂಬೋದಾ?” ಎಂದು ನಕ್ಕರು. ಜೀವಮಾನವಿಡೀ ಸುಳ್ಳನ್ನು ಹಿಡಿಯಲು ಕಾದವಳು ನಾನು, ನಿಜ ಹಿಡಿದು ತಂದರೆ ಕೊಳ್ಳುವವರೇ ಇಲ್ಲ. ಥೂ!

ಮೇಷ್ಟ್ರು ಪಾಠ ನಿಲ್ಲಿಸಲಿಲ್ಲ. ಮಾರನೆಯ ದಿನ ಹಲಗೆಯ ಮೇಲೆ ಬರೆದದ್ದು, ‘ಮೊದಲು ನಾಯಿಗೆ ಹೆದರುತ್ತಿದ್ದ ನನ್ನ ಒಬ್ಬ ಗೆಳೆಯ’ ಎಂದು. ಬರೆದು ಬಹಳ ಹೊತ್ತು ಹಲಗೆಯ ಕಡೆಗೇ ಮುಖ ಮಾಡಿ ನಿಂತಿದ್ದರು.

ಲವ್‌ನೆಸ್ ಪರೀಕ್ಷೆ ಬರೆದು ಮುಗಿಸಿದಳು. ಮಳೆ ಹಿಡಿಯಿತು, ಮೇಷ್ಟ್ರ ಕೆಮ್ಮು ಮಲಗಿದಲ್ಲಿಂದ ಏಳಗೊಡಲಿಲ್ಲ. ಗಂಜಿ ಕೊಡಲು ಹೋದಾಗೆಲ್ಲ ಒಂದೇ ಮಾತು: “ಬರ್ತಾನಾ?” ನಾನು ಸುಳ್ಳು ಹೇಳುವವಳಲ್ಲ. “ಗೊತ್ತಿಲ್ಲ,” ಎನ್ನುತ್ತಿದ್ದೆ. ಹುಟ್ಟೂರಿಗೆ ಒಯ್ಯಬೇಡಿ, ಅಲ್ಲಿ ಮುಖ ತೋರಿಸುವ ಹಾಗಿಲ್ಲ, ಇಲ್ಲೇ ಮಣ್ಣು ಮಾಡಿ ಎಂದರು. ಒಂದು ಬೆಳಿಗ್ಗೆ ಹೋದಾಗ ಉಸಿರಿರಲಿಲ್ಲ.

ನೋಮೋರ್ ಬಸ್ಸಿನಲ್ಲಿ ಸುದ್ದಿ ಒಯ್ದ. ಪೇಟೆಗೆ ಪೇಟೆಯೇ ನಿಶ್ಚಿಂತೆಯಿಂದಿತ್ತು: ಸಾಹ್ವಿರ ಬರುತ್ತಾನೆ, ನಗಿಸುತ್ತಾನೆ. ನಾನೊಬ್ಬಳೇ ಒಳಗೇ ಬೇಯುತ್ತಿದ್ದೆ. ಬರುವುದಿಲ್ಲ. ಬಂದರೆ ಉಗಿಯುವುದಕ್ಕೇ ಬರುತ್ತಾನೆ. ಅವನ ಜಾಗದಲ್ಲಿ ನಾನಿದ್ದರೆ ಅದನ್ನೇ ಮಾಡುತ್ತಿದ್ದೆ.

ಗುಂಡಿ ತೋಡಿಯಾಯಿತು. ಮೋಡ ಕಟ್ಟಿತು. ಶವದ ಪೆಟ್ಟಿಗೆ ಗುಂಡಿಯ ಅಂಚಿನಲ್ಲಿತ್ತು. ಚರ್ಚಿನ ಮಿಷನ್ನಿನಿಂದ ಫಾದರ್ ಉಚೆ ಬಂದಿದ್ದರು. ನೈಜೀರಿಯಾದವರು, ಬಂದು ತಿಂಗಳಾಗಿರಲಿಲ್ಲ, ಶೋನಾ ಒಂದಕ್ಷರ ಬಾರದು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜನಕ್ಕೂ, ಜನ ಹೇಳಿದ್ದನ್ನು ಅವರಿಗೂ ಹೇಳಲು ಲವ್‌ನೆಸ್ ಪಕ್ಕದಲ್ಲಿ ನಿಂತಿದ್ದಳು. ಕಾದು ಕಾದು ಫಾದರ್ ಪುಸ್ತಕ ತೆರೆದರು. ಆಗ ಬಸ್ಸು ನಿಂತಿತು.

ಲಾಮೆಕ್ ಎಡಭುಜ ಎತ್ತಿಕೊಂಡು ಎಲ್ಲೂ ನಿಲ್ಲದೆ ನೇರ ಬಂದ. ಮೇಷ್ಟ್ರ ಕೋಟನ್ನೂ ಟೋಪಿಯನ್ನೂ ನಾನೇ ಮಡಿಸಿ ತಂದಿದ್ದೆ. ಕೊಡಲು ಕೈ ಬರಲಿಲ್ಲ. ನೋಮೋರ್ ಕಿತ್ತುಕೊಂಡು ಕೊಟ್ಟ. ಲಾಮೆಕ್ ಅವನ್ನು ಹಾಕಿಕೊಳ್ಳಲಿಲ್ಲ. ತೋಳಿನ ಮೇಲೆ ಇಟ್ಟುಕೊಂಡು ಪೆಟ್ಟಿಗೆಯನ್ನೇ ನೋಡುತ್ತಾ ನಿಂತ. ಫಾದರ್ ಮೆಲ್ಲಗೆ ಏನೋ ಕೇಳಿದರು.

“ತೀರಿಕೊಂಡೋರು ನಿಮಗೇನಾಗಬೇಕು ಅಂತ ಕೇಳ್ತಿದ್ದಾರೆ,” ಎಂದಳು ಲವ್‌ನೆಸ್. ಜೈಲಿನ ಗೇಟಿನಲ್ಲಿ ಮೇಷ್ಟ್ರನ್ನು ಕೇಳಿದ್ದು ಇದೇ ಪ್ರಶ್ನೆ ಎಂಬುದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ಹೊಳೆಯಿತು.

“ಏನಾಗಬೇಕಾ?” ಎಂದ ಲಾಮೆಕ್, ಎಲ್ಲರಿಗೂ ಕೇಳುವಂತೆ. “ನಾನು ಇವನ ಮನೆಗೆ ಹುಲ್ಲು ಹೊದಿಸ್ದೆ. ನಾನು ಹೊದಿಸಿದ ಚಾವಣಿ ಕೆಳಗೆ ಇವನು ಬೆಚ್ಚಗೆ ಮಲಗ್ದ, ನನ್ನ ಜೈಲಿಗೆ ಕಳಿಸ್ದ!”

ಜನ ನಕ್ಕರು. ಶುರುವಾಯಿತು ಎಂದು ಹೆಂಗಸರು ತಲೆವಸ್ತ್ರದ ತುದಿಯಲ್ಲಿ ಕಣ್ಣೊರಸಿಕೊಂಡು ಕೈ ತಟ್ಟಿದರು. ಲವ್‌ನೆಸ್ ಫಾದರ್ ಕಡೆ ತಿರುಗಿ ಸಣ್ಣದಾಗಿ ಏನೋ ಹೇಳಿದಳು. ಲಾಮೆಕ್ ಕೈಯೆತ್ತಿದ.

“ಅದಲ್ಲ ಮಗಳೇ ನಾನು ಹೇಳಿದ್ದು. ‘ಇಬ್ಬರೂ ಜೊತೆಗಿದ್ರು’ ಅಂದೆ ನೀನು. ನನಗೂ ಅಷ್ಟು ಇಂಗ್ಲಿಷ್ ಬರುತ್ತೆ. ಬಿಟ್ಟು ಹೇಳ್ಬೇಡ. ಒಬ್ಬ ಬಿಟ್ಟು ಹೇಳಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು?”

ಮಗಳು ನನ್ನ ಕಡೆ ನೋಡಿದಳು. ಅವಳಿಗೆ ಅಕ್ಷರ ಕಲಿಸಿದವರು ಪೆಟ್ಟಿಗೆಯೊಳಗಿದ್ದರು. ನಾನು ತಲೆಯಾಡಿಸಿದೆ. ಹೇಳು.

ಅವನು ಒಂದೊಂದು ಮಾತು ಹೇಳಿ ನಿಲ್ಲಿಸಿದ. ಅವಳು ಒಂದೊಂದನ್ನೂ ಇಂಗ್ಲಿಷಿಗೆ ತಂದಳು. ಕೋರ್ಟು, ದನ, ಇವನನ್ನೇ ಕೇಳಿ ಎಂದದ್ದು, ಅದನ್ನು ನುಂಗಿದ್ದು, ನಾಲ್ಕು ವರ್ಷ, ತಾಯಿ. ಮೊದಲು ಜನ ನಗುತ್ತಲೇ ಇದ್ದರು. ಆದರೆ ಫಾದರ್ ನಗಲಿಲ್ಲ. ಅವರಿಗೆ ನಮ್ಮ ಸಾಹ್ವಿರ, ನಮ್ಮ ತಮಾಷೆ ಏನು ಗೊತ್ತು? ಅವರು ಕೇಳಿದ್ದು ಬರೀ ಮಾತು. ಅವರ ಕೈಯಲ್ಲಿದ್ದ ಪುಸ್ತಕ ಮುಚ್ಚಿಕೊಂಡಿತು, ಮುಖ ಕಂಗೆಟ್ಟಿತು. ಆ ಮುಖ ನೋಡಿ ಮುಂದಿನ ಸಾಲಿನ ನಗು ನಿಂತಿತು. ಆಮೇಲೆ ಹಿಂದಿನದು. ನಾನು ಊರೆಲ್ಲ ತಿರುಗಿ ಹೇಳಿದ್ದನ್ನು ನಂಬದವರು, ಪರ ಊರಿನ ಒಬ್ಬ ಪಾದ್ರಿಯ ಮುಖದಲ್ಲಿ ಅದನ್ನು ನೋಡಿ ನಂಬಿದರು. ನೋಮೋರ್ ಬಾಯಿ ಮೇಲೆ ಕೈಯಿಟ್ಟುಕೊಂಡ.

ನಾನು ಅಂದುಕೊಂಡೆ, ಈಗ ಉಗಿಯುತ್ತಾನೆ. ಈಗ.

ಲಾಮೆಕ್ ಕೋಟು ಬಿಡಿಸಿ ತೋಳು ತೂರಿಸಿದ. ಅವನಿಗೆ ಬಿಗಿಯಾಯಿತು. ಟೋಪಿ ತಲೆಗೇರಿಸಿದ. ಫಾದರ್ ಕಡೆ ತಿರುಗಿ ಶೋನಾದಲ್ಲೇ ಹೇಳಿದ: “ನೀವು ಕೇಳಿದ್ರಲ್ಲ, ಅದಕ್ಕೆ ಉತ್ತರ. ಇವನು ನನ್ನ ಸಾಹ್ವಿರ.” ಲವ್‌ನೆಸ್ ಅಳುತ್ತಿದ್ದಳು, ಅಳುತ್ತಲೇ, ಸ್ಪಷ್ಟವಾಗಿ, ಮೇಷ್ಟ್ರು ಕಲಿಸಿದ ಹಾಗೇ ಹೇಳಿದಳು: “ಎ ಫ್ರೆಂಡ್ ಆಫ್ ಮೈನ್, ಅಂತಿದ್ದಾರೆ ಫಾದರ್.” ಲಾಮೆಕ್ ಕೇಳಿಸಿಕೊಂಡ. ಸರಿ ಎಂಬಂತೆ ತಲೆದೂಗಿದ.

ಆಮೇಲೆ ಜನರ ಕಡೆ ತಿರುಗಿದ. “ಯಾಕ್ರೋ, ಬಾಯಿ ಬಿದ್ದುಹೋಯ್ತಾ? ಅಷ್ಟು ದೂರದಿಂದ ಬಂದಿದ್ದೀನಿ, ಇವನನ್ನ ಹೀಗೆ ಮೂಟೆ ಥರಾ ಹೂಳೋಕಾ?” ಎಂದವನೇ ಮೇಷ್ಟ್ರ ಹಾಗೆ ಬೆನ್ನು ಬಾಗಿಸಿ, ಮೇಷ್ಟ್ರ ಹಾಗೆ ಕೆಮ್ಮಿ, ಗಾಳಿಯಲ್ಲಿ ಸೀಮೆಸುಣ್ಣ ಹಿಡಿದು ಬರೆಯತೊಡಗಿದ. ಯಾರೋ ಒಬ್ಬಳು ಅಳುತ್ತಾ ನಕ್ಕಳು. ಮತ್ತೊಬ್ಬರು ನಕ್ಕರು. ಮಳೆ ಹನಿಯತೊಡಗಿತು.

ನಾನು ಮಾತ್ರ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಎಲ್ಲಾದರೂ ಸುಳ್ಳು ಇದೆಯೇ ಎಂದು ಹಣೆಯಲ್ಲಿ ಹುಡುಕಿದೆ, ತುಟಿಯಲ್ಲಿ ಹುಡುಕಿದೆ, ಮೊದಲ ಹಿಡಿ ಮಣ್ಣು ಹಾಕಿದ ಕೈಯಲ್ಲಿ ಹುಡುಕಿದೆ. ಸಿಗಲಿಲ್ಲ.